ನಾಯಿಗೆ ಊಟ ಆಗಿದೆ

"ಅಯ್ಯೋ ಪಾಪ, ಇದಕ್ಕೆ ಊಟ ಹಾಕಲ್ವೇನ್ರೀ?"

ಬೆಳಗ್ಗೆ ಆರಕ್ಕೆ ಮುಧೋಳ ನಾಯಿ ಹಿಡಿದು ಬೀದಿಗಿಳಿದರೆ ಹಾಲಿನವನಿಗಿಂತ ಮೊದಲು ಎದುರಾಗುವುದು ಈ ಪ್ರಶ್ನೆ. ಇವತ್ತೂ ಆಯಿತು. ಆದ್ದರಿಂದ "ನಮ್ಮ ದೇಶದ ತಳಿಯನ್ನೇ ಸಾಕೋಣ ಅಂತಿದೀವಿ, ಮುಧೋಳವೋ ರಾಜಪಾಳಯಮ್ಮೋ?" ಎಂದು ಕೇಳುವವರು ಮೊದಲು ತಮ್ಮ ಮಾನ ಎಷ್ಟು ಗಟ್ಟಿ ಅನ್ನುವುದನ್ನು ನೋಡಿಕೊಳ್ಳಲಿ. ನಾಯಿಯ ವಿಚಾರ ಆಮೇಲೆ.

ಮುಧೋಳ ನಾಯಿ ಎರಡೂಕಾಲು ಅಡಿ ಎತ್ತರ ಇರುತ್ತದೆ, ತೂಕ ಮಾತ್ರ 22ರಿಂದ 28 ಕಿಲೋ. ಕಣ್ಣಿಗೆ ಬಿದ್ದ ಮೊಲವನ್ನು ಅಟ್ಟಿ ಹಿಡಿಯುವುದಕ್ಕೆ ಆದ ಮೈಕಟ್ಟು ಅದು: ಆಳದ ಎದೆ, ಬೆನ್ನಿಗೆ ಅಂಟಿದ ಹೊಟ್ಟೆ. ಹಿಂದಿನ ಎರಡು ಮೂರು ಪಕ್ಕೆಲುಬು, ಸೊಂಟದ ಮೂಳೆಯ ತುದಿ ಕಾಣಬೇಕು. ಕಾಣದಿದ್ದರೆ ನೀವು ಜಾಸ್ತಿ ತಿನ್ನಿಸುತ್ತಿದ್ದೀರಿ ಎಂದರ್ಥ. ಪರೀಕ್ಷೆ ಮಾಡಬೇಕಾದ್ದು ತೊಡೆಯನ್ನು. ಮುಟ್ಟಿದರೆ ಗಟ್ಟಿಯಾಗಿದೆಯೇ, ಸರಿ. ಜೋತುಬಿದ್ದಿದೆಯೇ, ಮಲ ಪರೀಕ್ಷೆ ಮಾಡಿಸಿ, ಹುಳದ ಔಷಧಿ ಹಾಕಿಸಿ.

ಇದನ್ನೆಲ್ಲ ಎದುರುಮನೆ ಅಜ್ಜಿಗೆ ವಿವರಿಸಿ ನೋಡಿ. ಅಜ್ಜಿ ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, "ಆದ್ರೂ ಬಾಯಿಲ್ಲದ ಪ್ರಾಣಿ ಕಣಪ್ಪ" ಅನ್ನುತ್ತಾರೆ. ಬಾಯಿಲ್ಲದ ಆ ಪ್ರಾಣಿಯ ಬಾಯಿಗೆ ಅಷ್ಟರಲ್ಲಿ ಎರಡು ಗ್ಲೂಕೋಸ್ ಬಿಸ್ಕತ್ತು ಹೋಗಿರುತ್ತವೆ. ಮೂಲೆಯ ಅಂಗಡಿಯವರು ಒಂದು ಬನ್ನು ಕೊಡುತ್ತಾರೆ. ವಾಕಿಂಗ್ ಮುಗಿಸಿ ಬರುವ ನಿವೃತ್ತ ಮೇಷ್ಟ್ರು ನಿಲ್ಲಿಸಿ, ಕನ್ನಡಕ ಸರಿಮಾಡಿ, ನಾಯಿಯ ಪಕ್ಕೆಲುಬನ್ನು ಬೆರಳಿಟ್ಟು ಎಣಿಸುತ್ತಾರೆ. ಹಾಜರಿ ಹಾಕುವವರ ಹಾಗೆ, ಒಂದೂ ತಪ್ಪಿಸದೆ. ಆಮೇಲೆ ನಿಮ್ಮ ಹೊಟ್ಟೆಯ ಕಡೆ ನೋಡುತ್ತಾರೆ. ಏನೂ ಅನ್ನುವುದಿಲ್ಲ. ಮನೆಯಲ್ಲಿ ಯಾರು ಯಾರ ಊಟ ತಿನ್ನುತ್ತಿದ್ದಾರೆ ಎಂಬ ಲೆಕ್ಕ ಅವರಿಗೆ ಸಿಕ್ಕಿಯಾಗಿದೆ. ನಾಯಿಯೂ ಆ ಹೊತ್ತಿಗೆ ಸರಿಯಾಗಿ ಬಾಲವನ್ನು ಕಾಲ ಸಂದಿಗೆ ಸೇರಿಸಿ, ಮೂರು ದಿನದಿಂದ ಉಪವಾಸ ಇದ್ದಂತೆ ನಿಲ್ಲುತ್ತದೆ. ಇಡೀ ಬೀದಿಯ ಮರುಕ ರಾತ್ರಿ ಎರಡು ಗಂಟೆಗೆ ಹಾಲ್‌ನಲ್ಲಿ ಭೇದಿಯಾಗಿ ಹೊರಬೀಳುತ್ತದೆ. ಒರೆಸಲು ಅಜ್ಜಿಯೂ ಬರುವುದಿಲ್ಲ, ಮೇಷ್ಟ್ರೂ ಬರುವುದಿಲ್ಲ.

ಈ ತೆಳು ಮೈಯ ವಿಷಯ ಒಂದೇ ಕಡೆ ನಿಜವಾಗಿ ಮುಖ್ಯ, ಅಲ್ಲಿ ಮಾತ್ರ ಯಾರೂ ಕೇಳುವುದಿಲ್ಲ. ಆಪರೇಷನ್ನಿಗೆ ಒಯ್ದಾಗ "ಇದು ಬೇಟೆನಾಯಿ, ಮೈಯಲ್ಲಿ ಕೊಬ್ಬಿಲ್ಲ" ಎಂದು ಡಾಕ್ಟರಿಗೆ ನೀವೇ ನೆನಪಿಸಿ. ಈ ಜಾತಿಯ ಮೈಕಟ್ಟಿಗೆ ಥಯೋಪೆಂಟೋನ್‌ನಂಥ ಅರಿವಳಿಕೆ ಇಳಿಯುವುದು ತಡ.

ಬೆಲ್ಟಿನ ಕಥೆ ಬೇರೆ. ಮುಧೋಳದ ತಲೆ ಅದರ ಕುತ್ತಿಗೆಗಿಂತ ದಪ್ಪವೇನಲ್ಲ. ಮಾಮೂಲಿ ಬೆಲ್ಟು ಹಾಕಿದರೆ ನಾಯಿ ಒಮ್ಮೆ ಹಿಂದಕ್ಕೆ ಸರಿದು ಕತ್ತು ಕೊಸರುತ್ತದೆ. ಬೆಲ್ಟು ನಿಮ್ಮ ಕೈಯಲ್ಲಿ, ನಾಯಿ ಮುಂದಿನ ಕ್ರಾಸಿನಲ್ಲಿ. ಎರಡಿಂಚು ಅಗಲದ, ಜಗ್ಗಿದಾಗ ಮಾತ್ರ ಬಿಗಿಯಾಗುವ ಮಾರ್ಟಿಂಗೇಲ್ ಬೆಲ್ಟು ತನ್ನಿ. ಪೂರ್ತಿ ಬಿಗಿದಾಗಲೂ ಉಸಿರು ಕಟ್ಟದಂತೆ, ಕಿವಿ ದಾಟಿ ಕಳಚದಂತೆ ಹೊಂದಿಸಿ. ಬೆಕ್ಕು ಕಂಡು ಓಡಿದ ಮೇಲೆ ಹೆಸರು ಹಿಡಿದು ಕೂಗುವುದು ಗಂಟಲಿಗೆ ವ್ಯಾಯಾಮ, ಅಷ್ಟೇ. ಓಡಿಸಲು ಸುತ್ತ ಆರಡಿ ಬೇಲಿಯಿರುವ ಜಾಗ ಬೇಕು. ಊಟಕ್ಕೂ ಓಟಕ್ಕೂ ನಡುವೆ ಒಂದು ಗಂಟೆಯಾದರೂ ಬಿಡಿ, ಆಳದ ಎದೆಯ ನಾಯಿಗಳಿಗೆ ಹೊಟ್ಟೆ ತಿರುಚಿಕೊಳ್ಳುವ ಅಪಾಯವಿದೆ.

ಇನ್ನು ರಾಜಪಾಳಯಂ. ತಮಿಳುನಾಡಿನ ವಿರುದುನಗರ ಜಿಲ್ಲೆಯದು, ಹಾಲುಬಿಳುಪು, ಗುಲಾಬಿ ಮೂಗು. ಹಂದಿ ಬೇಟೆಗೂ ಕಾವಲಿಗೂ ಇಟ್ಟುಕೊಂಡಿದ್ದ ನಾಯಿ. ಇದನ್ನು ನೋಡಿ ಯಾರೂ ಪಾಪ ಅನ್ನುವುದಿಲ್ಲ, ಗೇಟಿನ ಹತ್ತಿರವೇ ಬರುವುದಿಲ್ಲ. ಬರುವವರು ಒಬ್ಬರೇ: "ನಂಗೆ ನಾಯಿ ಅಂದ್ರೆ ಭಯಾನೇ ಇಲ್ಲ, ನಮ್ಮ ಊರಲ್ಲೂ ಇತ್ತು" ಎಂದು ನೇರ ತಲೆ ಸವರಲು ಕೈ ಚಾಚುವ ಸೋದರಮಾವ. ರಾಜಪಾಳಯಂಗೆ ಮನೆಯವರು ಬಿಟ್ಟು ಬೇರೆಯವರ ಕೈ ಸೇರದು, ಸಂಬಂಧ ವಿವರಿಸಿದರೂ ಅಷ್ಟೆ. ಸಿಲಿಂಡರಿನವರು, ಕೊರಿಯರ್‌ನವರು, ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಗೆ ನುಗ್ಗುವ ನೆಂಟರು ತುಂಬಿದ ಮನೆಗೆ ಇದು ಬೇಡ. ತೋಟದ ಮನೆ, ಎತ್ತರದ ಕಾಂಪೌಂಡು, ಅಪರೂಪದ ಅತಿಥಿ ಇದ್ದರೆ ಇದೇ ಸರಿ. ಅದೂ ಎರಡನೇ ತಿಂಗಳಿಂದಲೇ ಹತ್ತಾರು ಬಗೆಯ ಜನರನ್ನು ತೋರಿಸಿ ಬೆಳೆಸಿದರೆ.

ಕೊಳ್ಳುವಾಗ ಕಿವಿ ನೋಡಿ. ಈ ಬಿಳುಪಿನ ಜೊತೆಗೇ ಹುಟ್ಟುಕಿವುಡು ಕೆಲವು ಮರಿಗಳಿಗೆ ಬರುತ್ತದೆ. ಮರಿಯನ್ನು ಒಡಹುಟ್ಟಿದವುಗಳಿಂದ ಬೇರೆ ಮಾಡಿ, ಇಲ್ಲದಿದ್ದರೆ ಕಿವುಡ ಮರಿ ಪಕ್ಕದ್ದನ್ನು ನೋಡಿ ತಾನೂ ತಿರುಗಿ ಪಾಸಾಗಿಬಿಡುತ್ತದೆ. ಹಿಂದೆ ನಿಂತು ಬೀಗದಕೈ ಗೊಂಚಲು ಅಲ್ಲಾಡಿಸಿ. ಸ್ಟೀಲ್ ತಟ್ಟೆ ಬೀಳಿಸಬೇಡಿ, ನೆಲದ ಅದುರು ಪಾದಕ್ಕೆ ತಿಳಿಯುತ್ತದೆ. ಒಂದೇ ಕಿವಿ ಕಿವುಡಾಗಿದ್ದರೆ ಈ ಉಪಾಯಕ್ಕೆ ಸಿಗದು. ಚರ್ಮದ ತುರಿಯನ್ನೂ ಗಮನಿಸಿ, ಕೂದಲು ಉದುರಿದ ವೃತ್ತಗಳಿದ್ದರೆ ಮರಿ ಎಷ್ಟೇ ಮುದ್ದಾಗಿದ್ದರೂ ಡಾಕ್ಟರಿಗೆ ತೋರಿಸದೆ ದುಡ್ಡು ಕೊಡಬೇಡಿ. ಮುಧೋಳಕ್ಕಾದರೆ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೇ ಇದೆ, ತಳಿ ಗೊತ್ತಿದ್ದವರನ್ನು ಕೇಳಲು ಜಾಗವಿದೆ.

2005ರಲ್ಲಿ ಅಂಚೆ ಇಲಾಖೆ ನಾಯಿಗಳ ಚೀಟಿ ತಂದಾಗ ಅದರಲ್ಲಿ ಇವೆರಡೂ ಇದ್ದವು. ಇವೆರಡೂ ಜಗಳವಿಲ್ಲದೆ, ಯಾರನ್ನೂ ಅಟ್ಟದೆ ಸುಮ್ಮನಿದ್ದದ್ದು ಬಹುಶಃ ಅಲ್ಲಿ ಮಾತ್ರ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಉಳಿಸಿದ್ದು ಬೇಟೆಗಾಗಿ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದು ಬೇಟೆ ನಿಂತಿತು, ನಿಲ್ಲಬೇಕಾದ್ದೇ. ಎರೆಮಣ್ಣಿನ ಬಯಲಿನ ಓಟ ಮಾತ್ರ ಆ ಕಾಲುಗಳಲ್ಲಿ ಹಾಗೇ ಉಳಿದಿದೆ. ಸಂಜೆ ಟೆರೇಸಿನಲ್ಲಿ ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲ ಕಂಡು ನಾಯಿಯ ಮೈ ಒಮ್ಮೆ ಬಿಗಿಯುತ್ತದೆ. ನಾಲ್ಕು ನೆಗೆತಕ್ಕೆ ಟೆರೇಸು ಮುಗಿಯುತ್ತದೆ. ಅದು ಪ್ಯಾರಾಪೆಟ್ ಗೋಡೆಗೆ ಗದ್ದ ಊರಿ, ಚೀಲ ಕಾಣುವವರೆಗೂ ನೋಡುತ್ತಾ ನಿಂತಿರುತ್ತದೆ.

ರಾಜಪಾಳಯಂ ಮನೆಗೆ "ನಾಯಿ ಇದೆ ಎಚ್ಚರಿಕೆ" ಬೋರ್ಡು ಸಾಕು. ಮುಧೋಳದ ಮನೆಗೆ "ನಾಯಿಗೆ ಊಟ ಆಗಿದೆ" ಅಂತ ದೊಡ್ಡಕ್ಷರದಲ್ಲಿ ಬರೆಸಬೇಕು. ಅಜ್ಜಿ ಓದುತ್ತಾರೆ. "ಆಗಿದ್ರೇನಂತೆ, ಒಂದು ಬಿಸ್ಕತ್ತಿಗೆ ಜಾಗ ಇರಲ್ವಾ?"