ಲೆಹೆಂಗಾ ನಮ್ಮದೇ ಕಣ್ರೀ!

ಬೆಂಗಳೂರಿನ ಮದುವೆಯಲ್ಲಿ ಬಾಡಿಗೆಗೆ ತಾರದ ವಸ್ತು ಯಾವುದಿದೆ ಹೇಳಿ. ಛತ್ರ ಬಾಡಿಗೆ. ಕುರ್ಚಿ ಬಾಡಿಗೆ, ಕುರ್ಚಿಗೆ ತೊಡಿಸಿದ ಬಿಳಿ ಗವಸೂ ಬಾಡಿಗೆ. ವಧುವರರು ಕೂರುವ ಸಿಂಹಾಸನ, ಅವಳ ಸೊಂಟದ ಡಾಬು, ಅವನ ತಲೆಯ ಮೈಸೂರು ಪೇಟ ಎಲ್ಲವೂ ಬಾಡಿಗೆ. ಆ ಪೇಟ ಈ ಸೀಸನ್ನಿನಲ್ಲಿ ಎಷ್ಟು ತಲೆ ಹತ್ತಿ ಇಳಿದಿದೆ ಎಂದು ಯಾವ ಬೀಗರೂ ವಿಚಾರಿಸಿಲ್ಲ. ಆದರೆ ಆರತಕ್ಷತೆಯ ಲೆಹೆಂಗಾ ಬಾಡಿಗೆಯದು ಎಂದು ಗೊತ್ತಾಗಿಬಿಟ್ಟರೆ ಮಾತ್ರ ಏಳು ತಲೆಮಾರಿನ ಮಾನ ಒಂದೇ ಸಂಜೆಗೆ ಹೋಗುತ್ತದೆ. ‘ಮನೆ ಕಟ್ಟಿ ನೋಡು’ ಎಂಬ ಅರ್ಧ ಗಾದೆಗೆ ದೂರದಿಂದಲೇ ಕೈಮುಗಿದು, ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಾಡಿಗೆ ಮನೆಯಲ್ಲಿರುವವರೂ ಈ ಮಾನದ ವಿಷಯದಲ್ಲಿ ಬಹಳ ಸೂಕ್ಷ್ಮ.

ಹೀಗಾಗಿ ಮದುಮಗಳ ಅಮ್ಮ ‘ಕಮರ್ಷಿಯಲ್ ಸ್ಟ್ರೀಟಿನಲ್ಲಿ ತೊಗೊಂಡ್ವಿ’ ಅನ್ನುತ್ತಾರೆ. ಎಷ್ಟು ಕೊಟ್ಟು, ಎಷ್ಟು ದಿನಕ್ಕೆ ಅನ್ನುವುದಿಲ್ಲ.

ಈಗ ಲೆಕ್ಕ ನೋಡಿ. ಪತ್ರಿಕೆಯಲ್ಲಿ ಆರತಕ್ಷತೆ 6.30ಕ್ಕೆ. ಮೇಕಪ್ಪಿನವರು ಬಿಟ್ಟುಕೊಡುವುದು ಎಂಟಕ್ಕೆ. ಹತ್ತೂವರೆಗೆ ಡೆಕೋರೇಷನ್ನಿನವರು ಹೂವು ಕೀಳಲು ಶುರು. ಮಧ್ಯೆ ಎರಡೂವರೆ ಗಂಟೆ. ಅಷ್ಟಕ್ಕೆ ಒಂದು ಲಕ್ಷದ ಲೆಹೆಂಗಾ ಕೊಂಡವರು ಮುಂದೇನು ಮಾಡುತ್ತಾರೆ? ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನ ಮೇಲಿಡುತ್ತಾರೆ. ಒಳಗೆ ತೇವ ನಿಂತು ಜರಿ ಕಪ್ಪಗಾಗುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ ಗಾಳಿಯಾಡಿಸಿದರೆ ಉಳಿದೀತು. ಆದರೆ ಮಾನವಂತರಿಗೆ ಅಷ್ಟು ಪುರುಸೊತ್ತೆಲ್ಲಿ?

ಇನ್ನು ಗುಟ್ಟಾಗಿ ಬಾಡಿಗೆಗೆ ತರುವವರಿಗೆ ನಮ್ಮ ಪೂರ್ಣ ಸಹಕಾರವಿದೆ. ವೈಶಾಖದಲ್ಲಿ ಮುಹೂರ್ತವಿದ್ದರೆ ಒಂದೆರಡು ತಿಂಗಳು ಮೊದಲೇ ಬುಕ್ ಮಾಡಿ. ಒಳ್ಳೆಯ ಲಗ್ನ ಇಡೀ ಊರಿಗೆ ಒಂದೇ ದಿನ ಬರುತ್ತದೆ, ಅಂಗಡಿಯಲ್ಲಿ ಆ ವೈನ್ ಬಣ್ಣದ್ದು ಇರುವುದು ಒಂದೇ ಪೀಸು. ಟ್ರಯಲ್‌ಗೆ ಹೋಗುವಾಗ ಮದುವೆಯ ದಿನ ಹಾಕುವ ಚಪ್ಪಲಿಯನ್ನೇ ಹಾಕಿ. ಒಳಗಿನ ಕ್ಯಾನ್‌ಕ್ಯಾನ್, ಅಂದರೆ ಲೆಹೆಂಗಾ ಉಬ್ಬಿಸುವ ಗಟ್ಟಿ ನೆಟ್ ಬಟ್ಟೆಯ ಒಳಲಂಗ, ಅದರ ಸಮೇತ ಉಟ್ಟು, ಆಮೇಲೆ ಉದ್ದ ನೋಡಿ. ಕ್ಯಾನ್‌ಕ್ಯಾನ್ ಉಬ್ಬಿದಾಗ ಅಂಚು ಮೇಲೇರುತ್ತದೆ, ಅದಿಲ್ಲದೆ ಅಳತೆ ಕೊಟ್ಟವರ ಕಣಕಾಲು ಫೋಟೊದಲ್ಲಿ ಬೀಳುತ್ತದೆ. ಹೀಲ್ಸ್ ಹಾಕಿ ಅಳತೆ ಕೊಟ್ಟು ಕೊನೇ ಗಳಿಗೆಯಲ್ಲಿ ಕಾಲು ನೋವೆಂದು ಚಪ್ಪಟೆ ಚಪ್ಪಲಿಗೆ ಇಳಿದರೆ, ಸ್ಟೇಜ್ ಹತ್ತುವಾಗ ಅಂಚಿನ ನೆಟ್ ಬಟ್ಟೆ ಕಾಲಿಗೆ ಸಿಕ್ಕಿ ಪರ್ರೆನ್ನುತ್ತದೆ. ಏಳೆಂಟು ಕೆಜಿ ತೂಕವನ್ನು ಒಂದು ಲಾಡಿಯ ಮೇಲೆ ನೇತುಹಾಕಬೇಡಿ, ಸೊಂಟಕ್ಕೆ ಅಗಲ ಪಟ್ಟಿ ಹೊಲಿಸಿ.

ಬ್ಲೌಸಿನ ಪಕ್ಕದ ಹೊಲಿಗೆಯೊಳಗೆ ಸಾಮಾನ್ಯವಾಗಿ ಒಂದೂವರೆ ಇಂಚು ಬಟ್ಟೆ ಮಡಚಿ ಬಿಟ್ಟಿರುತ್ತಾರೆ. ಅಷ್ಟರೊಳಗೆ ನಿಮ್ಮ ದೇಹ ಹೊಂದಿದರೆ ಸರಿ. ಹಿಂದಿನ ಮದುಮಗಳು ಸಣ್ಣಗಿದ್ದು ನೀವು ಬಿಡಿಸಿಕೊಂಡರೆ, ಹಳೆಯ ಹೊಲಿಗೆಯ ಸೂಜಿ ತೂತುಗಳು ರೇಷ್ಮೆಯ ಮೇಲೆ ಸಾಲಾಗಿ ಕಾಣುತ್ತವೆ. ಕೈ ಎತ್ತದಿದ್ದರೆ ತೊಂದರೆಯಿಲ್ಲ. ಆದರೆ ಫೋಟೊಗ್ರಾಫರ್ ‘ಮೇಡಂ, ಕೈ ಸ್ವಲ್ಪ ಮೇಲೆ’ ಎನ್ನದೆ ಬಿಡುವ ಪೈಕಿಯಲ್ಲ. ಇನ್ನೊಂದು ಸಾಕ್ಷಿ ಸೊಂಟಪಟ್ಟಿಯ ಒಳಗಿರುತ್ತದೆ: ಡ್ರೈಕ್ಲೀನಿಂಗಿನವರು ಪಿನ್ನು ಹೊಡೆದ ಬೆರಳಗಲದ ಚೀಟಿ, ಮೇಲೆ ಅಳಿಸದ ಇಂಕಿನಲ್ಲಿ ನಂಬರು. ಡ್ರೆಸಿಂಗ್ ರೂಮಿಗೆ ಬರುವ ಅತ್ತಿಗೆಯ ಕಣ್ಣು ಆರತಿ ತಟ್ಟೆಯ ಮೇಲಿರುವುದಿಲ್ಲ, ಆ ಚೀಟಿಯ ಮೇಲಿರುತ್ತದೆ. ಮೊದಲೇ ಕಿತ್ತುಬಿಡಿ.

ಗಂಡಿನ ಶೇರ್ವಾನಿಯ ವಿಷಯ ಚಿಕ್ಕದು. ತೋಳು ಮೋಟು ಮಾಡಬಹುದು, ಸೊಂಟ ಹಿಡಿಸಬಹುದು, ಭುಜ ಮಾತ್ರ ಯಾವ ಟೈಲರಪ್ಪನಿಗೂ ಬಗ್ಗುವುದಿಲ್ಲ. ಭುಜ ಕೂರದಿದ್ದರೆ ಬೇರೆ ಅಂಗಡಿ ನೋಡಿ.

ಡಿಪಾಸಿಟ್ಟಿನಲ್ಲಿ ಲೆಹೆಂಗಾ ಅಂಗಡಿಗೂ ನಮ್ಮ ಮನೆ ಓನರಿಗೂ ಒಂದೇ ಗುರುಕುಲ. ಅಲ್ಲಿ ಗೋಡೆಗೆ ಮೊಳೆ ಹೊಡೆದಿದ್ದೀರಿ ಎಂದು ಪೇಂಟಿಂಗ್ ಚಾರ್ಜು, ಇಲ್ಲಿ ಕಲ್ಲು ಉದುರಿದೆ ಎಂದು ಪಾಲಿಶಿಂಗ್ ಚಾರ್ಜು. ಆದ್ದರಿಂದ ತರುವ ದಿನವೇ ಅಂಗಡಿಯವರ ಎದುರು, ಬಾಗಿಲ ಬೆಳಕಿನಲ್ಲಿ ಹಿಡಿದು ವಿಡಿಯೊ ಮಾಡಿ: ಅಂಚಿನ ನೆಟ್ಟು, ಕಂಕುಳಿನ ಲೈನಿಂಗು, ಜಿಪ್ಪು, ದುಪಟ್ಟಾದ ನಾಲ್ಕು ಮೂಲೆ. ಅಂಗಡಿಯ ಹಳದಿ ಲೈಟಿನಲ್ಲಿ ಎಲ್ಲ ಕಲೆಯೂ ಡಿಸೈನಿನಂತೆ ಕಾಣುತ್ತದೆ.

ಕಲೆಗಳಲ್ಲೂ ನಮ್ಮ ಸಂಸ್ಕೃತಿ ಶ್ರೀಮಂತ. ದೊಡ್ಡವರು ಅಕ್ಷತೆ ಹಾಕುತ್ತಾರೆ, ಅದರ ಅರಿಶಿನ ಅಂಟುತ್ತದೆ, ಯಾರೋ ಅಕ್ಕರೆಯ ಚಿಕ್ಕಮ್ಮ ಸೋಪು ನೀರು ತಂದು ತಿಕ್ಕುತ್ತಾರೆ. ಸೋಪಿನ ಕ್ಷಾರ ತಗುಲಿದರೆ ಅರಿಶಿನ ಕೆಂಪಾಗುತ್ತದೆ. ಈಗ ಕಲೆ ಎರಡು ಬಣ್ಣದ್ದು. ಒಣ ಬಟ್ಟೆಯಲ್ಲಿ ಒತ್ತಿ ತೆಗೆದು ಸುಮ್ಮನಿರಿ, ಇಸ್ತ್ರಿ ಹಾಕಿಸಿ ಮುಚ್ಚಿಡಬೇಡಿ. ಬಿಸಿ ಬಿದ್ದ ಕಲೆ ಒಳಗಿಳಿದು ಕೂರುತ್ತದೆ. ವಾಪಸು ಕೊಡುವಾಗ ಎಲ್ಲಿ ಏನು ಚೆಲ್ಲಿತು ಅಂತ ಹೇಳಿಬಿಡಿ. ಡ್ರೈಕ್ಲೀನಿಂಗಿನ ದ್ರಾವಣ ಎಣ್ಣೆ ಜಿಡ್ಡನ್ನು ಎಳೆಯುತ್ತದೆ, ಬೆವರಿನ ಉಪ್ಪನ್ನು ಪೂರ್ತಿ ಎಳೆಯುವುದಿಲ್ಲ. ಅದಕ್ಕೆ ಬೇರೆ ಉಪಚಾರ ಬೇಕು. ಸೆಂಟನ್ನು ಉಡುವ ಮೊದಲೇ ಮೈಗೆ ಹಾಕಿಕೊಳ್ಳಿ, ಕಸೂತಿಯ ಲೋಹದ ಎಳೆಗೆ ಅದು ಆಗಿಬರುವುದಿಲ್ಲ.

ಎಲ್ಲಕ್ಕಿಂತ ತಮಾಷೆ ಧಾರೆ ಸೀರೆಯದು. ಐದೂವರೆ ಮೀಟರಿನ ಸೀರೆಗೆ ಅಳತೆಯ ಹಂಗಿಲ್ಲ, ಟ್ರಯಲ್ ಬೇಡ, ದಪ್ಪ ಸಣ್ಣ ಭೇದವಿಲ್ಲ, ಯಾರು ಉಟ್ಟರೂ ಕೂರುತ್ತದೆ. ಬಾಡಿಗೆಗೆಂದೇ ಹುಟ್ಟಿದ ಉಡುಪು ಯಾವುದಾದರೂ ಇದ್ದರೆ ಅದೇ. ಅದನ್ನು ಮಾತ್ರ ಚಿಕ್ಕಪೇಟೆಗೆ ಹತ್ತು ಜನ ಹೋಗಿ, ಮೂವತ್ತು ಸೀರೆ ಬಿಚ್ಚಿಸಿ, ಕೊಂಡೇ ತರುತ್ತೇವೆ. ಪಾಪ, ಅದಕ್ಕೊಂದು ಅರ್ಥವಿದೆ: ಸೀಮಂತಕ್ಕೆ, ವರಮಹಾಲಕ್ಷ್ಮಿಗೆ ಮತ್ತೆ ಹೊರಬರುತ್ತದೆ. ಲೆಹೆಂಗಾ ಉಟ್ಟು ಕಳಶದ ಮುಂದೆ ಕೂತವರನ್ನು ಇನ್ನೂ ಕಂಡಿಲ್ಲ.

ಆಷಾಢ ಬಂದರೆ ಲಗ್ನ ನಿಲ್ಲುತ್ತದೆ. ಬಾಡಿಗೆ ಅಂಗಡಿಯವರು ನೆಟ್ಟು ಹರಿದದ್ದು, ಬ್ಲೌಸಿನಲ್ಲಿ ಇನ್ನು ಬಿಡಿಸಲು ಬಟ್ಟೆ ಉಳಿಯದ್ದು, ಎಲ್ಲವನ್ನೂ ಬೇರೆ ಮಾಡಿ, ರಿಪೇರಿ ಮಾಡಿಸಿ, ಭಾರೀ ರಿಯಾಯಿತಿಯ ಬೋರ್ಡು ತಗುಲಿಸುತ್ತಾರೆ. ‘ಯಾರೋ ಉಟ್ಟು ಬಿಟ್ಟದ್ದನ್ನ ನಮ್ಮ ಹುಡುಗಿ ಉಡೋದೇ?’ ಎಂದು ಹೌಹಾರಿದ್ದ ಅದೇ ಅತ್ತೆಯವರು ಸಾಲಿನಲ್ಲಿ ಮೊದಲಿಗರಾಗಿ ನಿಂತು, ಅರ್ಧ ಬೆಲೆಗೆ ಕೊಂಡು, ರಸೀದಿಯನ್ನು ಜೋಪಾನವಾಗಿ ಪರ್ಸಿನಲ್ಲಿಡುತ್ತಾರೆ. ನಾಳೆ ಯಾರಾದರೂ ಬಾಡಿಗೆಯದ್ದಾ ಅಂದರೆ ತೋರಿಸಬೇಕಲ್ಲ.