ಜ್ಞಾನಭಾರತಿಯಲ್ಲಿ ಹೊರಗಿನ ಗಾಡಿಗಳನ್ನು ನಿಲ್ಲಿಸಬೇಕಾ? ಪರ-ವಿರೋಧ

ಪರ: ಅಡ್ಡದಾರಿ ಮುಚ್ಚಿ, ಚಿಕ್ಕ ಬಸ್ ಬಿಡಿ

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಸಾವಿರ ಎಕರೆಗೂ ದೊಡ್ಡದು. ಆದರೆ ಬೆಳಿಗ್ಗೆ ಕ್ಲಾಸಿನ ಹೊತ್ತಿಗೆ ಒಳಗಿನ ರಸ್ತೆ ದಾಟಲು ನಿಂತರೆ ಇದು ವಿಶ್ವವಿದ್ಯಾಲಯ ಅಂತ ಅನಿಸುವುದೇ ಇಲ್ಲ. ಮೈಸೂರು ರಸ್ತೆಯಿಂದ ನಾಗರಭಾವಿಗೋ ಉಲ್ಲಾಳಕ್ಕೋ ಹೋಗುವವರಿಗೆ ಇದೊಂದು ಅಡ್ಡದಾರಿ. ಇಲ್ಲಿ ಅವರಿಗೆ ಪಾಠವೂ ಇಲ್ಲ, ಕೆಲಸವೂ ಇಲ್ಲ, ಸಿಗ್ನಲ್ ತಪ್ಪಿಸಿಕೊಂಡರೆ ಸಾಕು ಅಂತ ಒಳಗೆ ನುಗ್ಗುತ್ತಾರೆ.

2022ರ ಅಕ್ಟೋಬರ್‌ನಲ್ಲಿ ಇದೇ ಆವರಣದೊಳಗೆ ಒಬ್ಬ ವಿದ್ಯಾರ್ಥಿನಿ ಬಸ್ಸಿನ ಕೆಳಗೆ ಸಿಕ್ಕಿಕೊಂಡರು, ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೊರಗಿನ ವಾಹನ ಬೇಡ ಎಂದು ವಿದ್ಯಾರ್ಥಿಗಳು ಬೀದಿಗಿಳಿದರು. ಹಂಪ್ ಹಾಕಿ, ಬೋರ್ಡ್ ನೆಟ್ಟು ಸುಮ್ಮನಾಗುವ ವಿಷಯವಲ್ಲ ಇದು.

ಹಾಗಾದರೆ ಒಳಗೆ ಓಡಾಡುವುದು ಹೇಗೆ? 2021ರ ಆಗಸ್ಟ್‌ನಲ್ಲಿ ಮೆಟ್ರೊದ ನೇರಳೆ ಮಾರ್ಗ ಕೆಂಗೇರಿವರೆಗೆ ಬಂತು, ಮೈಸೂರು ರಸ್ತೆಯಲ್ಲಿ ಜ್ಞಾನಭಾರತಿ ಹೆಸರಿನದೇ ಒಂದು ನಿಲ್ದಾಣವೂ ಆಯಿತು. ಹೆಸರು ನಂಬಿ ಅಲ್ಲಿ ಇಳಿದವರಿಗೆ ಗೊತ್ತು, ಡಿಪಾರ್ಟ್‌ಮೆಂಟ್ ಮುಟ್ಟಲು ಇನ್ನೂ ಎಷ್ಟು ನಡೆಯಬೇಕು ಅಂತ. ಈ ಕೊನೆಯ ತುಂಡಿಗೇ ಒಂದು ವ್ಯವಸ್ಥೆ ಬೇಕು. ಮೆಟ್ರೊ ನಿಲ್ದಾಣ, ಆಡಳಿತ ಕಚೇರಿ, ಲೈಬ್ರರಿ, ಹಾಸ್ಟೆಲ್, ಮತ್ತೆ ಮೆಟ್ರೊ, ಹೀಗೆ ಒಂದು ಸುತ್ತಿಗೆ ಅರ್ಧ ಗಂಟೆ ಅಂದುಕೊಳ್ಳಿ. ಮೂರು ಚಿಕ್ಕ ಎಲೆಕ್ಟ್ರಿಕ್ ಬಸ್ ಬಿಟ್ಟರೆ ಹತ್ತು ನಿಮಿಷಕ್ಕೊಂದು ಸಿಗುತ್ತದೆ. ಹತ್ತು ನಿಮಿಷಕ್ಕೊಂದು ಬಸ್ ಅಂದರೆ ಟೈಮ್‌ಟೇಬಲ್ ನೋಡುವ ಅಗತ್ಯವೇ ಬರುವುದಿಲ್ಲ. ಅಡ್ಡದಾರಿಯ ಗಾಡಿಗಳು ಹೋದರೆ ರಸ್ತೆಯಲ್ಲಿ ಸೈಕಲ್ಲಿಗೂ ಜಾಗ ಆಗುತ್ತದೆ. ಈಗ ಈ ರಸ್ತೆಯಲ್ಲಿ ಮಗಳಿಗೆ ಸೈಕಲ್ ಕೊಡಿಸುವ ಧೈರ್ಯ ಯಾವ ಅಪ್ಪನಿಗಿದೆ ಹೇಳಿ?

ಅಡ್ಡದಾರಿ ಮುಚ್ಚಿದರೆ ಸುತ್ತಲಿನ ಬಡಾವಣೆಯವರಿಗೆ ತೊಂದರೆ ಆಗುತ್ತದೆ, ನಿಜ. ಆದರೆ ಅವರ ದಾರಿಯ ಚಿಂತೆ ಪಾಲಿಕೆಯದು. ಅದನ್ನು ವಿಶ್ವವಿದ್ಯಾಲಯದ ತಲೆಗೆ ಕಟ್ಟುವುದು ಯಾವ ನ್ಯಾಯ?

ವಿರೋಧ: ಮೊದಲು ಬಸ್ ತನ್ನಿ, ಗೇಟಿನ ಮಾತು ಆಮೇಲೆ

ಮೇಲಿನದನ್ನು ಓದಿದರೆ ಗೇಟು ಹಾಕಿದ ಮರುದಿನವೇ ಬಸ್ಸುಗಳು ಸಾಲಾಗಿ ಬಂದು ನಿಲ್ಲುತ್ತವೆ ಅನ್ನಿಸುತ್ತದೆ. ನಮ್ಮಲ್ಲಿ ಆಗುವುದು ಬೇರೆ. ಗೇಟು ಒಂದೇ ದಿನದಲ್ಲಿ ಬೀಳುತ್ತದೆ, ಬಸ್ಸಿಗೆ ಮಾತ್ರ ಟೆಂಡರ್, ಕಡತ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಸಭೆ ಅಂತ ಕಾಯುತ್ತಾ ಕೂರಬೇಕು. ಅಲ್ಲಿಯವರೆಗೆ ನಡೆಯುವವರು ಯಾರು? ಕಾರಿಗೆ ಪಾಸ್ ಮಾಡಿಸಿಕೊಳ್ಳುವ ಪ್ರೊಫೆಸರ್ ಅಂತೂ ಅಲ್ಲ.

2022ರ ದುರಂತದ ಮಾತು ಬಂತಲ್ಲ, ಅಲ್ಲಿದ್ದದ್ದು ನಗರ ಸಾರಿಗೆ ಸಂಸ್ಥೆ ಬಿಎಂಟಿಸಿಯ ಬಸ್. ಸಿಗ್ನಲ್ ತಪ್ಪಿಸಿ ನುಗ್ಗಿದ ಕಾರಲ್ಲ. ಹೊರಗಿನ ಕಾರುಗಳನ್ನೆಲ್ಲ ನಿಲ್ಲಿಸಿದರೂ ಬಸ್ಸು ಇರಲೇಬೇಕು. ಹಾಗಾಗಿ ಮೊದಲು ಬೇಕಾಗಿರುವುದು ಬಸ್ ಪೂರ್ತಿ ಒಳಗೆ ಬಂದು ನಿಲ್ಲುವ ಬೇ, ಹತ್ತಿ ಇಳಿಯಲು ಕಟ್ಟೆ, ನಡೆಯಲು ಫುಟ್‌ಪಾತ್, ಬಸ್ಸಿಗೂ ವೇಗದ ಮಿತಿ.

ಇನ್ನು 'ಹೊರಗಿನವರು' ಅಂದರೆ ಯಾರು? ವಿಶ್ವವಿದ್ಯಾಲಯ ಬಿಟ್ಟುಕೊಟ್ಟ ಜಾಗದಲ್ಲೇ ಲಾ ಸ್ಕೂಲ್ ಇದೆ, ಕ್ರೀಡಾ ಪ್ರಾಧಿಕಾರದ ಕೇಂದ್ರ ಇದೆ, ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಕಚೇರಿ ಇದೆ. ಅಲ್ಲಿಗೆ ಹೋಗುವವರನ್ನು ಗೇಟಿನಲ್ಲಿ ತಡೆದು, ಯಾರು ಏನು ಅಂತ ವಿಚಾರಿಸುತ್ತಾ ನಿಂತರೆ ಮೈಸೂರು ರಸ್ತೆಯವರೆಗೂ ಕ್ಯೂ ಬರುತ್ತದೆ. ಅಂಕಪಟ್ಟಿಗೆ ಅಲೆಯುವ ಹಳೆಯ ವಿದ್ಯಾರ್ಥಿಯೂ ಅದೇ ಕ್ಯೂನಲ್ಲಿ ನಿಲ್ಲಬೇಕು.

ಮೂರು ಬಸ್ಸಿನ ಲೆಕ್ಕವೂ ಅಷ್ಟು ಸಲೀಸಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ಎರಡು ಪಾಳಿ ಅಂದರೆ ಕನಿಷ್ಠ ಆರು ಚಾಲಕರು. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಬೇಕು. ಒಂದು ಬಸ್ ಚಾರ್ಜಿಗೆ ನಿಂತರೆ ನಿಮ್ಮ ಹತ್ತು ನಿಮಿಷ ಹದಿನೈದಾಗುತ್ತದೆ, ಬ್ಯಾಟರಿ ಕೈಕೊಟ್ಟರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಗೊತ್ತಿರುವುದಿಲ್ಲ. ಪಾಠ ಹೇಳುವ ಸಂಸ್ಥೆ ಬಸ್ ಡಿಪೊ ನಡೆಸಲು ಹೊರಟರೆ ಎರಡೂ ಕೆಡುತ್ತವೆ. ಮುಖ್ಯವಾದ ಇನ್ನೊಂದು ವಿಷಯ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ವಿಶ್ವವಿದ್ಯಾಲಯದ ಸ್ವಂತ ಬಸ್ಸಿಗೆ ಆ ಯೋಜನೆ ಬರುವುದಿಲ್ಲ. ಅದರ ಖರ್ಚು ಕೊನೆಗೆ ಶುಲ್ಕದ ರಸೀದಿಯಲ್ಲೇ ಕಾಣಿಸಿಕೊಳ್ಳುತ್ತದೆ, ಬೇಕಾದರೆ ನೋಡಿ.

ಸಂಜೆಯ ಮಾತು ಪರ ವಾದದಲ್ಲಿ ಬಂದೇ ಇಲ್ಲ. ಮರಗಿಡ ಜಾಸ್ತಿ ಇರುವ ಆವರಣ ಇದು. ಲೈಬ್ರರಿಯಿಂದ ಏಳು ಗಂಟೆಗೆ ಹಾಸ್ಟೆಲಿಗೆ ಹೊರಟ ಹುಡುಗಿಗೆ ರಸ್ತೆಯಲ್ಲಿ ನಾಲ್ಕು ಗಾಡಿ ಓಡಾಡುತ್ತಿದ್ದರೇ ಎಷ್ಟೋ ಧೈರ್ಯ. ಬೀದಿದೀಪ ಸರಿಮಾಡದೆ ರಸ್ತೆ ಖಾಲಿ ಮಾಡಿದರೆ ಅದು ಯಾರಿಗೆ ಸುರಕ್ಷಿತ?

ಬಿಎಂಟಿಸಿಯಲ್ಲಿ ಒಂಬತ್ತು ಮೀಟರಿನ ಎಲೆಕ್ಟ್ರಿಕ್ ಬಸ್ ಈಗಾಗಲೇ ಇವೆ, ಅವನ್ನು ಮೆಟ್ರೊ ಫೀಡರಿಗೆ, ಅಂದರೆ ನಿಲ್ದಾಣಕ್ಕೆ ಜನರನ್ನು ಕರೆತಂದು ಬಿಡುವುದಕ್ಕೆ ಅಂತಲೇ ತಂದದ್ದು. ಅವುಗಳಲ್ಲಿ ನಾಲ್ಕನ್ನು ಇಲ್ಲಿಗೆ ಕೇಳಿ. ಕ್ಲಾಸ್ ಬಿಡುವ ಹೊತ್ತಿಗೂ ರಾತ್ರಿ ಒಂಬತ್ತಕ್ಕೂ ಬಸ್ ಇರಬೇಕು ಅಂತ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ಒಂದು ಸೆಮಿಸ್ಟರ್ ಓಡಲಿ. ಆಗಲೂ ಹುಡುಗರು ಸ್ಕೂಟರ್ ಬಿಡದಿದ್ದರೆ, ಅಡ್ಡದಾರಿ ಕಾರುಗಳು ಕಡಿಮೆಯಾಗದಿದ್ದರೆ, ಬೆಳಿಗ್ಗೆ ಎರಡು ಗಂಟೆ ಕಾಲ, ಸಂಜೆ ಎರಡು ಗಂಟೆ ಕಾಲ ಗೇಟು ಹಾಕಿ. ಅದಕ್ಕೆ ನನ್ನ ತಕರಾರಿಲ್ಲ.