ಪೊಟ್ಟಣದ ಮೇಲಿನ ಹೆಸರು, ಪೊಟ್ಟಣದೊಳಗಿನ ವಿಷ

'ಬಾತ್ ಸಾಲ್ಟ್ಸ್' ಎಂಬ ಹೆಸರಿನಲ್ಲಿ ಮಾರಾಟವಾದ ಮಾದಕ ಪುಡಿಗೂ ಸ್ನಾನಕ್ಕೂ ಯಾವ ಸಂಬಂಧವೂ ಇಲ್ಲ. ಬೆರಳೆರಡರ ನಡುವೆ ಹಿಡಿಯುವಷ್ಟು ಪುಟ್ಟ ಪೊಟ್ಟಣ, ಒಳಗೆ ಬಿಳಿ ಅಥವಾ ಕಂದು ಬಣ್ಣದ ಹರಳುಪುಡಿ, ಹೊರಗೆ 'ಮನುಷ್ಯರ ಸೇವನೆಗಲ್ಲ' ಎಂಬ ಸಾಲು. ಕಾನೂನಿನ ಕಣ್ಣು ತಪ್ಪಿಸಲೆಂದೇ ಬರೆದ ಸಾಲು ಅದು. ಪುಡಿ ಸೇವನೆಗೇ ಎಂಬುದು ಮಾರುವವನಿಗೂ ಕೊಳ್ಳುವವನಿಗೂ ಗೊತ್ತು; ಒಳಗಿರುವುದು ಏನೆಂದು ಬಹುಪಾಲು ಇಬ್ಬರಿಗೂ ಗೊತ್ತಿಲ್ಲ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ ಇದು.

ಪೂರ್ವ ಆಫ್ರಿಕ ಮತ್ತು ಯೆಮೆನ್‌ನ ಜನ ತಲೆತಲಾಂತರದಿಂದ ಜಗಿಯುತ್ತ ಬಂದಿರುವ ಖಾತ್ ಎಲೆಯಲ್ಲಿ ಕ್ಯಾಥಿನೋನ್ ಎಂಬ ಉತ್ತೇಜಕವಿದೆ. ಎಲೆ ಬಾಡಿದಂತೆ ಅದರ ಕಸುವೂ ಕುಂದುತ್ತದೆ. ಬಾತ್ ಸಾಲ್ಟ್ಸ್ ಪೊಟ್ಟಣದಲ್ಲಿರುವುದು ಪ್ರಯೋಗಾಲಯದಲ್ಲಿ ಹುಟ್ಟಿದ ಅದರ ಕೃತಕ ರೂಪಗಳು; ಅವಕ್ಕೆ ಆ ಮಿತಿಯಿಲ್ಲ. ಅವುಗಳಲ್ಲೊಂದಾದ, 1929ರಲ್ಲೇ ತಯಾರಾಗಿ ಮೂಲೆ ಸೇರಿದ್ದ ಮೆಫೆಡ್ರೋನ್ ಈ ಶತಮಾನದ ಮೊದಲ ದಶಕದಲ್ಲಿ 'ಗಿಡದ ಗೊಬ್ಬರ'ವೆಂಬ ಸೋಗಿನಲ್ಲಿ ಮಾರುಕಟ್ಟೆಗೆ ಬಂದಿತು. ಬ್ರಿಟನ್ 2010ರ ಏಪ್ರಿಲ್‌ನಲ್ಲಿ ಅದನ್ನು ನಿಷೇಧಿಸಿತು. ಮರುವರ್ಷ ಅಮೆರಿಕ ಮೆಫೆಡ್ರೋನ್, ಅದೇ ಬಳಗದ ಮೆಥೈಲೋನ್, ಎಂಡಿಪಿವಿ ಮೂರನ್ನೂ ತುರ್ತಾಗಿ ನಿರ್ಬಂಧಿಸಿತು. ಆದರೆ ಅಣುವಿನ ಒಂದು ತುದಿಯನ್ನು ತುಸು ಬದಲಿಸಿದರೆ ನಿಷೇಧದ ಪಟ್ಟಿಯಲ್ಲಿಲ್ಲದ ಹೊಸ ವಸ್ತು ಸಿದ್ಧ. ಫ್ಲಾರಿಡಾದಲ್ಲಿ 2014-15ರ ಹೊತ್ತಿಗೆ 'ಫ್ಲಾಕಾ' ಎಂಬ ಹೆಸರಿನಲ್ಲಿ ಹಬ್ಬಿದ ಆಲ್ಫಾ-ಪಿವಿಪಿ ಇಂಥದ್ದೇ. 2015ರ ಅಕ್ಟೋಬರ್‌ನಲ್ಲಿ ಚೀನಾ ಇದೂ ಸೇರಿ ಒಮ್ಮೆಗೇ 116 ಮಾದಕವಸ್ತುಗಳನ್ನು ನಿಯಂತ್ರಣಕ್ಕೆ ತಂದಿತು.

ನರಕೋಶಗಳು ಬಿಡುಗಡೆ ಮಾಡಿದ, ಉಲ್ಲಾಸ ತರುವ ಡೋಪಮೈನ್ ಎಂಬ ರಾಸಾಯನಿಕ ಕೆಲಸ ಮುಗಿಸಿ ಒಳಕ್ಕೆ ಮರಳಬೇಕು. ಎಂಡಿಪಿವಿ ಆ ಬಾಗಿಲನ್ನೇ ಮುಚ್ಚುತ್ತದೆ, ಅದೂ ಕೊಕೇನ್‌ಗಿಂತ ಬಿಗಿಯಾಗಿ. ಮೊದಲು ಉಲ್ಲಾಸ, ಮಾತಿನ ಹುರುಪು. ಅದು ಇಳಿಯುವಷ್ಟರಲ್ಲಿ ಮತ್ತೊಂದು ಚಿಟಿಕೆ ಬೇಕೆನ್ನುವ ತಡೆಯಲಾಗದ ಹಂಬಲ. ಹೀಗೆ ನಿದ್ರೆಯಿಲ್ಲದೆ ಎರಡು ಮೂರು ದಿನ ಕಳೆದವನು ದವಡೆ ಕಚ್ಚಿಕೊಂಡು, ಪರದೆಯ ಸಂದಿಯಿಂದ ಮತ್ತೆ ಮತ್ತೆ ಹೊರಗೆ ಇಣುಕುತ್ತ, ಯಾರೋ ತನ್ನನ್ನು ಹಿಡಿಯಲು ಬಂದಿದ್ದಾರೆಂದು ನಡುಗುತ್ತಾನೆ. ಅವನ ಮೈ ಮುಟ್ಟಿ ನೋಡಿದರೆ ಕಾದ ಹಂಚು. ಪ್ರಾಣಕ್ಕೆ ಎರವಾಗುವುದು ಬಹಳ ಸಲ ಈ ಕಾವೇ: ಸ್ನಾಯುಗಳು ಒಡೆದು ಕರಗುತ್ತವೆ, ಆ ತ್ಯಾಜ್ಯದ ಭಾರಕ್ಕೆ ಮೂತ್ರಪಿಂಡಗಳು ಸೋಲುತ್ತವೆ, ಹೃದಯ ಲಯ ತಪ್ಪುತ್ತದೆ.

2012ರಲ್ಲಿ ಮಿಯಾಮಿಯಲ್ಲಿ ಒಬ್ಬಾತ ಇನ್ನೊಬ್ಬನ ಮುಖವನ್ನು ಕಚ್ಚಿ ಹರಿದಾಗ ಪತ್ರಿಕೆಗಳು ಬಾತ್ ಸಾಲ್ಟ್ಸ್‌ನತ್ತ ಬೊಟ್ಟು ಮಾಡಿದವು. ಪರೀಕ್ಷೆಯಲ್ಲಿ ಆತನ ದೇಹದಲ್ಲಿ ಸಿಕ್ಕ ಮಾದಕವಸ್ತು ಗಾಂಜಾ ಒಂದೇ. ಇಂಥ ಉತ್ಪ್ರೇಕ್ಷೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಪುಡಿ ತಿಂದ ಗೆಳೆಯ ರಾಕ್ಷಸನಾಗದೆ ಇದ್ದುದನ್ನು ಕಣ್ಣಾರೆ ಕಂಡ ಹುಡುಗ ನಿಜವಾದ ಎಚ್ಚರಿಕೆಯನ್ನೂ ಸುಳ್ಳೆಂದು ತಳ್ಳಿಹಾಕುತ್ತಾನೆ.

ಈ ಪುಡಿಗೆ ಪ್ರತಿವಿಷವಿಲ್ಲ. ಆಸ್ಪತ್ರೆಯಲ್ಲಿ ಬೆಂಜೊಡಯಜೆಪಿನ್ ಗುಂಪಿನ ಔಷಧ ಕೊಟ್ಟು ಉದ್ರೇಕ ಇಳಿಸುತ್ತಾರೆ, ಮೈ ತಣಿಸುತ್ತಾರೆ, ರಕ್ತನಾಳದ ಮೂಲಕ ದ್ರವ ಕೊಡುತ್ತಾರೆ. ಇವು ಹೊತ್ತಿಗೆ ಸರಿಯಾಗಿ ಸಿಕ್ಕರೆ ಎಷ್ಟೋ ಜನ ಉಳಿಯುತ್ತಾರೆ. ಮೈ ಸುಡುತ್ತಿರುವವನನ್ನು ಕೋಣೆಯಲ್ಲಿ ಕೂಡಿಹಾಕಿ 'ನಶೆ ಇಳಿಯಲಿ' ಎಂದು ಕಾಯಬೇಡಿ, ನಾಲ್ಕು ಜನ ಮೇಲೆ ಬಿದ್ದು ಅದುಮಿ ಹಿಡಿಯಲೂ ಬೇಡಿ. ಸೆಣಸಿದಷ್ಟೂ ಮೈ ಇನ್ನಷ್ಟು ಕಾಯುತ್ತದೆ. ಸಾಮಾನ್ಯ ಮೂತ್ರ ಪರೀಕ್ಷೆಗೆ ಈ ವಸ್ತುಗಳು ಹೆಚ್ಚಾಗಿ ಸಿಕ್ಕಿಬೀಳುವುದಿಲ್ಲವಾದ್ದರಿಂದ, ಜೊತೆಗಿದ್ದವರು ಭಯ, ನಾಚಿಕೆ ಬಿಟ್ಟು ಆತ ಏನು ತೆಗೆದುಕೊಂಡ, ಯಾವಾಗ ತೆಗೆದುಕೊಂಡ ಎಂಬುದನ್ನು ವೈದ್ಯರಿಗೆ ಹೇಳಬೇಕು, ಉಳಿದ ಪೊಟ್ಟಣವಿದ್ದರೆ ಅದನ್ನೂ ಅವರ ಕೈಗೆ ಕೊಡಬೇಕು.